ಕೊನೆಯ ಸಾಲಿನಲ್ಲಿ ಕುಳಿತವರನ್ನೂ ಒಮ್ಮೆ ಕೇಳಿ

ಮಾನ್ಯ ಸಂಪಾದಕರೇ,

ಟೊಯೊಟಾ ಇನ್ನೋವಾ ಹೈಕ್ರಾಸ್ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನವನ್ನೂ ಅದಕ್ಕೆ ಓದುಗರು ಬರೆದ ಪತ್ರಗಳನ್ನೂ ಒಂದೂ ಬಿಡದೆ ಓದಿದ್ದೇನೆ. 2022ರ ನವೆಂಬರಿನಲ್ಲಿ ಈ ಗಾಡಿಯನ್ನು ಮೊದಲು ತೋರಿಸಿದ ದಿನದಿಂದಲೂ ವಾಹನಪ್ರಿಯರ ತಕರಾರು ನಿಂತಿಲ್ಲ. ಡೀಸೆಲ್ ಎಂಜಿನ್ ತೆಗೆದುಬಿಟ್ಟರು ಎಂದು ಒಬ್ಬರ ಕೊರಗು. ಗಟ್ಟಿ ಚಾಸಿಯ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿನ, ಮೇಲೆ ಬಾಡಿ ಕೂರಿಸುವ ಪದ್ಧತಿ ಬಿಟ್ಟು ಸಣ್ಣ ಕಾರುಗಳ ಹಾಗೆ ಎಲ್ಲವನ್ನೂ ಒಂದೇ ಮೈ ಮಾಡಿದರು ಎಂದು ಇನ್ನೊಬ್ಬರ ಸಿಟ್ಟು. ಹಿಂದಿನ ಚಕ್ರಗಳು ದೂಡುತ್ತಿದ್ದ ಗಾಡಿಯನ್ನು ಈಗ ಮುಂದಿನ ಚಕ್ರಗಳು ಎಳೆಯುತ್ತವೆ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬೆಲೆಗೆ ತಕ್ಕಂತಿಲ್ಲ, ಎಸ್‌ಯುವಿಯ ಠೀವಿ ಮುಖದಲ್ಲಿ ಮಾತ್ರ ಇದೆ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಹೊಗಳುವವರೂ ಇದ್ದಾರೆ. ಅವರು ಮೈಲೇಜ್ ಹೇಳುತ್ತಾರೆ, ಸದ್ದಿಲ್ಲದೆ ಹೊರಡುವ ಸೊಗಸು ಹೇಳುತ್ತಾರೆ.

ಇಷ್ಟು ಪತ್ರಗಳಲ್ಲಿ ಒಂದನ್ನಾದರೂ ಮೂರನೆಯ ಸಾಲಿನಲ್ಲಿ ಕುಳಿತು ಪ್ರಯಾಣ ಮಾಡಿದವರು ಬರೆದಿದ್ದಾರೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಎಲ್ಲರೂ ಸ್ಟೀರಿಂಗ್ ಹಿಡಿದವರೇ. ಏಳೆಂಟು ಜನರನ್ನು ಕೂರಿಸಿಕೊಂಡು ಹೋಗುವುದಕ್ಕೆಂದೇ ಮಾಡಿದ ಗಾಡಿಯ ಬಗ್ಗೆ ಒಬ್ಬರ ಅಭಿಪ್ರಾಯ ಮಾತ್ರ ಅಚ್ಚಾಗುತ್ತಿದೆ. ಉಳಿದವರ ಪರವಾಗಿ ನಾನು ಬರೆಯುತ್ತಿದ್ದೇನೆ.

ನಮ್ಮದು ಮೂಡಿಗೆರೆ ತಾಲ್ಲೂಕು. ಯಜಮಾನರು ಬಾಡಿಗೆ ಗಾಡಿ ಓಡಿಸುತ್ತಾರೆ, ಅದರ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಮದುವೆ ದಿಬ್ಬಣ, ಧರ್ಮಸ್ಥಳ, ಕುಕ್ಕೆ, ಮಂಗಳೂರಿನ ಆಸ್ಪತ್ರೆ, ವಿಮಾನ ನಿಲ್ದಾಣ, ಇವೇ ನಮ್ಮ ದಾರಿಗಳು. 2000ದಲ್ಲಿ ಟೊಯೊಟಾದ ಕ್ವಾಲಿಸ್ ಬಂದಾಗ ಅವರು ಬೇರೆಯವರ ಬಳಿ ಚಾಲಕರಾಗಿದ್ದರು. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ಇನ್ನೋವಾ ತಂದಾಗ ಸ್ಟ್ಯಾಂಡಿನಲ್ಲಿ ಎದ್ದ ಮಾತುಗಳು ನನಗೆ ಇನ್ನೂ ನೆನಪಿವೆ. ಕ್ವಾಲಿಸ್‌ನಂಥ ಗಾಡಿ ಇನ್ನು ಹುಟ್ಟುವುದಿಲ್ಲ, ಇದು ಸಾಹುಕಾರರ ಕಾರು, ನಮ್ಮ ರಸ್ತೆಗೆ ಬಾಳುವುದಿಲ್ಲ ಎಂದಿದ್ದರು. 2016ರಲ್ಲಿ ಇನ್ನೋವಾದ ಮುಂದಿನ ಮಾದರಿ ಕ್ರಿಸ್ಟಾ ಬಂದಾಗ ಬೆಲೆ ಕೇಳಿಯೇ ಹಲವರು ಹಿಂದೆ ಸರಿದರು. ಅದೇ ಸ್ಟ್ಯಾಂಡಿನಲ್ಲಿ ಈಗ ಅದೇ ಕ್ರಿಸ್ಟಾಗೆ ದೇವರ ಪಟ ಹಾಕಿ ಹೂವು ಮುಡಿಸಿದ್ದಾರೆ. ನಮ್ಮಲ್ಲಿ ಇರುವುದೂ ಹಳದಿ ಬೋರ್ಡಿನ ಡೀಸೆಲ್ ಕ್ರಿಸ್ಟಾ. ಹಾಸನದಲ್ಲಿರುವ ನಮ್ಮ ಭಾವನವರು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ, ಹೈಕ್ರಾಸ್ ತೆಗೆದುಕೊಂಡಿದ್ದಾರೆ. ಮನೆಯ ಕಾರ್ಯಗಳಿಗೆ ಎರಡೂ ಗಾಡಿ ಹೊರಡುತ್ತವೆ. ಎರಡರಲ್ಲೂ ಹಿರಿಯರು, ಬಾಣಂತಿಯರು, ನೆಂಟರು ಕುಳಿತ ಮೇಲೆ ಉಳಿಯುವ ಜಾಗ ನನ್ನದು, ಮಕ್ಕಳದು. ಅಂದರೆ ಕೊನೆಯ ಸಾಲು. ಆದ್ದರಿಂದ ಈ ಎರಡು ಗಾಡಿಗಳ ಹಿಂಭಾಗವನ್ನು ಯಾವ ವಿಮರ್ಶಕರಿಗಿಂತಲೂ ಚೆನ್ನಾಗಿ ಬಲ್ಲೆ ಎಂದು ಧೈರ್ಯವಾಗಿ ಹೇಳಬಲ್ಲೆ.

ವಾಹನಪ್ರಿಯರ ಮೇಲೆ ನನಗೆ ಗೌರವವಿದೆ. ಏರ್‌ಬ್ಯಾಗ್ ಎಷ್ಟಿವೆ, ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಎಲ್ಲ ಮಾದರಿಗೂ ಇದೆಯೇ ಎಂದು ಶೋರೂಮಿನಲ್ಲಿ ನಿಂತು ಕೇಳುವುದನ್ನು ನಮ್ಮ ಜನಕ್ಕೆ ಕಲಿಸಿದವರು ಅವರೇ. ಹೈಕ್ರಾಸ್ ಬಗ್ಗೆ ಅವರು ಎತ್ತಿದ ಒಂದು ಆಕ್ಷೇಪವಂತೂ ಮಲೆನಾಡಿನವರಿಗೆ ನೇರವಾಗಿ ಸಂಬಂಧಪಟ್ಟದ್ದು. ಗಾಡಿ ತುಂಬ ಜನ, ಡಿಕ್ಕಿಯಲ್ಲಿ ಸಾಮಾನು, ಮೇಲೆ ಏರು. ಆಗ ತೂಕವೆಲ್ಲ ಹಿಂದಕ್ಕೆ ವಾಲುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರ ಇಳಿಯುತ್ತದೆ. ಎಳೆಯಬೇಕಾದ ಚಕ್ರಕ್ಕೇ ನೆಲದ ಹಿಡಿತ ಕಡಿಮೆ. ಡಾಂಬರು ರಸ್ತೆಯಲ್ಲಿ ಇದು ಗೊತ್ತಾಗುವುದಿಲ್ಲ. ಆಷಾಢದಲ್ಲಿ ತೋಟದ ಒಳರಸ್ತೆಯ ಜಾರುವ ಕೆಮ್ಮಣ್ಣಿನ ಏರು ಹತ್ತಬೇಕಾದವರು ಇದನ್ನು ಯೋಚಿಸಲೇಬೇಕು. ಹಿಂದಿನ ಚಕ್ರ ದೂಡುವ ಗಾಡಿಯಲ್ಲಿ ಜನ ತುಂಬಿದಷ್ಟೂ ಹಿಡಿತ ಹೆಚ್ಚುತ್ತದೆ. ನಮ್ಮ ಕಡೆ ತೋಟದ ಮನೆಗಳಿಗೆ ಬಾಡಿಗೆ ಹೋಗುವವರು ಕ್ರಿಸ್ಟಾವನ್ನು ಬಿಟ್ಟುಕೊಡದಿರುವುದಕ್ಕೆ ಈ ಕಾರಣವೊಂದೇ ಸಾಕು. 2022ರಲ್ಲಿ ಡೀಸೆಲ್ ಕ್ರಿಸ್ಟಾದ ಬುಕಿಂಗ್ ನಿಲ್ಲಿಸಿದ ಕಂಪನಿ ಮರುವರ್ಷ ಅದನ್ನು ಮತ್ತೆ ತೆರೆದಾಗ ನಮ್ಮ ಸ್ಟ್ಯಾಂಡಿನಲ್ಲಿ ಸಿಹಿ ಹಂಚಿದರು.

ಆದರೆ ಎಳೆತದ ಬಗ್ಗೆ ಬರೆಯುವವರು ಒಂದು ಅಂಕಿಯನ್ನಷ್ಟೇ ಹಿಡಿದುಕೊಂಡಿದ್ದಾರೆ. ಕ್ರಿಸ್ಟಾ ಮ್ಯಾನುವಲ್‌ನ 2.4 ಲೀಟರ್ ಡೀಸೆಲ್ ಎಂಜಿನ್ನಿಗೆ 343 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಹೈಕ್ರಾಸ್‌ನ 2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಬರೀ 188, ಆದ್ದರಿಂದ ಘಾಟಿಯಲ್ಲಿ ಏಗುವುದಿಲ್ಲ ಎನ್ನುತ್ತಾರೆ. ಜೊತೆಗಿರುವ ವಿದ್ಯುತ್ ಮೋಟಾರಿನ 206 ನ್ಯೂಟನ್ ಮೀಟರನ್ನು ಅವರು ಮರೆಯುತ್ತಾರೆ. ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಮೇಲಿನಿಂದ ಬಸ್ಸು ಬಂದು ಗಾಡಿ ಅರ್ಧ ತಿರುವಿನಲ್ಲೇ ನಿಲ್ಲುವುದು ನಮಗೆ ದಿನನಿತ್ಯದ ಮಾತು. ಮತ್ತೆ ಹೊರಡಬೇಕಾದರೆ ಯಜಮಾನರು ಹ್ಯಾಂಡ್‌ಬ್ರೇಕ್ ಎಳೆದು, ಅರ್ಧ ಕ್ಲಚ್ಚಿನಲ್ಲಿ ಎಂಜಿನ್ ಏರಿಸಿ, ಹ್ಯಾಂಡ್‌ಬ್ರೇಕ್ ಬಿಡುತ್ತಾರೆ. ಗಾಡಿ ಒಮ್ಮೆ ನಡುಗಿ ಮುಂದಕ್ಕೆ ಹೋಗುತ್ತದೆ, ಕ್ಲಚ್ಚು ಸುಟ್ಟ ಕಮಟು ಒಳಗೆಲ್ಲ ತುಂಬಿಕೊಳ್ಳುತ್ತದೆ. ಹೊಟ್ಟೆ ತೊಳಸುತ್ತಿರುವ ಮಗುವಿಗೆ ಆ ವಾಸನೆಯೊಂದು ಸಾಕು. ಹೈಕ್ರಾಸ್‌ನಲ್ಲಿ ಭಾವನವರು ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತುತ್ತಾರೆ, ಅಷ್ಟೆ. ಮೋಟಾರು ನಿಂತಲ್ಲಿಂದಲೇ ಪೂರ್ತಿ ಬಲ ಕೊಡುವುದರಿಂದ ನಡುಕವಿಲ್ಲ, ಕಮಟು ಇಲ್ಲ. ಕ್ಲಚ್ಚೇ ಇಲ್ಲದ ಗಾಡಿ ಅದು. ಎಂಜಿನ್ನನ್ನೂ ಎರಡು ಮೋಟಾರುಗಳನ್ನೂ ಒಂದು ಗೇರು ಚಕ್ರದ ಜೋಡಣೆಯೇ ಹೊಂದಿಸಿಕೊಂಡು ಹೋಗುತ್ತದೆ. ಉದ್ದನೆಯ ಏರಿನಲ್ಲಿ ಮಾತ್ರ ಎಂಜಿನ್ ಒಂದೇ ಶ್ರುತಿಯಲ್ಲಿ ಜೋರಾಗಿ ಕೂಗುತ್ತಲೇ ಇರುತ್ತದೆ. ವೇಗಕ್ಕೂ ಸದ್ದಿಗೂ ಹೊಂದಾಣಿಕೆ ಇಲ್ಲದಂತೆ ಕೇಳಿಸುವ ಆ ಕೂಗು ಓಡಿಸುವವರಿಗೆ ಹಿಡಿಸುವುದಿಲ್ಲ ಎಂದರೆ ಒಪ್ಪುತ್ತೇನೆ. ಹಿಂದೆ ಕುಳಿತವರಿಗೆ ಅದು ಅಷ್ಟಾಗಿ ಬಾಧಿಸುವುದಿಲ್ಲ.

ಇಳಿಯುವ ದಾರಿಯ ವಿಷಯವನ್ನು ಮಾತ್ರ ಯಾರೂ ಸರಿಯಾಗಿ ಬರೆದಿಲ್ಲ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಣ್ಣಪ್ಪ ಸ್ವಾಮಿಯ ಗುಡಿಯ ಬಳಿ ನಿಂತು ಕೈಮುಗಿದು ಕೆಳಗಿಳಿಯತೊಡಗಿದರೆ ಹೈಬ್ರಿಡ್ ಗಾಡಿಯ ಚಕ್ರಗಳು ಮೋಟಾರನ್ನು ತಿರುಗಿಸಿ ವಿದ್ಯುತ್ ಉತ್ಪಾದಿಸುತ್ತವೆ, ಅದು ಬ್ಯಾಟರಿಗೆ ಸೇರುತ್ತದೆ. ಗಾಡಿ ತಾನಾಗಿ ನಿಧಾನವಾಗುತ್ತದೆ, ಬ್ರೇಕ್ ಪ್ಯಾಡ್ ಅಷ್ಟಾಗಿ ಸವೆಯುವುದಿಲ್ಲ. ಆದರೆ ಬ್ಯಾಟರಿ ಚಿಕ್ಕದು. ಘಾಟಿಯ ಅರ್ಧಕ್ಕೂ ಮೊದಲೇ ತುಂಬಿಬಿಡುತ್ತದೆ. ಆಮೇಲೆ ಬರುವ ಶಕ್ತಿಯನ್ನು ಇಡಲು ಜಾಗವಿಲ್ಲದೆ ಗಾಡಿ ಆ ವಿದ್ಯುತ್ತಿನಿಂದ ಎಂಜಿನ್ನನ್ನೇ ಸುಮ್ಮನೆ ತಿರುಗಿಸಿ ವೇಗ ತಗ್ಗಿಸುತ್ತದೆ. ಇಳಿಜಾರಿನಲ್ಲಿ, ಆಕ್ಸಿಲರೇಟರ್ ಮುಟ್ಟದೇ ಇರುವಾಗ ಎಂಜಿನ್ ಇದ್ದಕ್ಕಿದ್ದಂತೆ ಗರ್ಜಿಸುತ್ತದೆ. ಮೊದಲ ಸಲ ನಮ್ಮ ಅತ್ತೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಬ್ರೇಕ್ ಹಿಡಿಯುತ್ತಿಲ್ಲವೇನೋ, ಬದಿಗೆ ನಿಲ್ಲಿಸು" ಎಂದು ಕೂಗಿಕೊಂಡರು. ಭಾವನವರಿಗೂ ಆಗ ಕಾರಣ ತಿಳಿದಿರಲಿಲ್ಲ. ಅದು ಗಾಡಿ ಕೆಡುವ ಸದ್ದಲ್ಲ, ಗಾಡಿ ತನ್ನ ಕೆಲಸ ಮಾಡುವ ಸದ್ದು. ಆದರೆ ಅದನ್ನು ಮೊದಲೇ ಹೇಳುವವರು ಬೇಕಲ್ಲವೇ? ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್ ಎಂದು ಘಾಟಿಗಳ ಮೇಲೆಯೇ ಬದುಕು ನಡೆಸುವ ನಾಡು ನಮ್ಮದು. ಹೈಬ್ರಿಡ್ ಗಾಡಿ ಇಳಿಜಾರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಬರೆದ ಒಂದು ವಿಮರ್ಶೆಯನ್ನೂ ನಾನು ಕಂಡಿಲ್ಲ. ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು ಎಂಬುದು ಮಾತ್ರ ಎಲ್ಲದರಲ್ಲೂ ಇದೆ.

ಹತ್ತುವ ಇಳಿಯುವ ಕಷ್ಟ ಇನ್ನೊಂದು. ಅತ್ತೆಗೆ ಎರಡೂ ಮಂಡಿ ನೋವು. ಕ್ರಿಸ್ಟಾ ಹತ್ತಬೇಕಾದರೆ ಮೊದಲು ಬಾಗಿಲ ಮೇಲಿನ ಹಿಡಿ ಹಿಡಿಯಬೇಕು, ಎಡಗಾಲನ್ನು ಪಾದಪಟ್ಟಿಯ ಮೇಲಿಟ್ಟು ಇಡೀ ಮೈಯನ್ನು ಆ ಒಂದು ಮಂಡಿಯ ಮೇಲೆ ಎತ್ತಬೇಕು. ಹಿಂದಿನಿಂದ ನಾನು ಸೊಂಟ ಹಿಡಿದು ಆನಿಸುತ್ತೇನೆ. ಸೀರೆಯ ನಿರಿಗೆ ಕಾಲಿಗೆ ಸಿಕ್ಕುವುದೂ ಆಗಲೇ. ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಯಲ್ಲಿ ನೆಲ ಎತ್ತರದಲ್ಲೇ ಇರಬೇಕು, ಅದರ ಕೆಳಗೆ ಎಂಜಿನ್ನಿನ ಬಲವನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಚಕ್ರದವರೆಗೆ ಹೋಗಬೇಕು. ಹೈಕ್ರಾಸ್‌ನಲ್ಲಿ ಆ ಚಾಸಿಯೂ ಇಲ್ಲ, ಆ ಶಾಫ್ಟೂ ಇಲ್ಲ. ನೆಲ ತಗ್ಗಿನಲ್ಲಿದೆ. ಅತ್ತೆ ಮೊದಲು ಸೀಟಿನ ಅಂಚಿಗೆ ಕೂರುತ್ತಾರೆ, ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. ಯಾರ ಆಸರೆಯೂ ಬೇಡ. ವಾಹನಪ್ರಿಯರು ಯಾವ ಬದಲಾವಣೆಯನ್ನು ದ್ರೋಹ ಎಂದು ಕರೆಯುತ್ತಿದ್ದಾರೋ ಅದೇ ಬದಲಾವಣೆಯಿಂದ ನಮ್ಮ ಮನೆಯ ಹಿರಿಯರೊಬ್ಬರು ಇನ್ನೊಬ್ಬರ ಕೈ ಹಿಡಿಯದೆ ಗಾಡಿ ಹತ್ತುತ್ತಿದ್ದಾರೆ. ಇದು ನನಗೆ ದೊಡ್ಡ ವಿಷಯ. ವಿಮರ್ಶೆಯಲ್ಲಿ ಇದಕ್ಕೆ ಒಂದು ಸಾಲು ಬೇಡವೇ?

ಕೊನೆಯ ಸಾಲಿಗೆ ಬರುತ್ತೇನೆ. ಎರಡು ಗಾಡಿಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕ್ರಿಸ್ಟಾ 4,735 ಮಿಲಿಮೀಟರ್, ಹೈಕ್ರಾಸ್ 4,755. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2,750ರಿಂದ 2,850ಕ್ಕೆ ಏರಿದೆ. ಈ ನೂರು ಮಿಲಿಮೀಟರಿನ ಬೆಲೆ ನನ್ನ ಮೊಣಕಾಲಿಗೆ ಗೊತ್ತು. ಕ್ರಿಸ್ಟಾದಲ್ಲಿ ತಿರುವಿನ ಮೇಲೆ ತಿರುವು ಬಂದಾಗ ಬಾಡಿ ಒಂದು ಕಡೆ ವಾಲಿ, ಇನ್ನೊಂದು ಕಡೆಗೆ ಬರುವಷ್ಟರಲ್ಲಿ ಮುಂದಿನ ತಿರುವು ಸಿಕ್ಕಿರುತ್ತದೆ. ಹಿಂದಿನ ಚಕ್ರದ ಮೇಲೆಯೇ ಕುಳಿತವರಿಗೆ ತೊಟ್ಟಿಲು ತೂಗಿದಂತಾಗುತ್ತದೆ. ಕೊಟ್ಟಿಗೆಹಾರ ದಾಟುವಾಗಲೇ ನಾನು ನಿಂಬೆಹಣ್ಣು, ಪ್ಲಾಸ್ಟಿಕ್ ಕೊಟ್ಟೆ, ಒದ್ದೆ ಬಟ್ಟೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ. ಹೈಕ್ರಾಸ್‌ನಲ್ಲಿ ಆ ವಾಲಾಟ ಕಡಿಮೆ. ಹಾಗೆಂದು ಎಲ್ಲವೂ ಚೆನ್ನ ಎಂದಲ್ಲ. ದೊಡ್ಡ ಹೊಂಡಕ್ಕೆ ಇಳಿದಾಗ ಹಿಂದಿನ ಏಟು ಸೊಂಟಕ್ಕೆ ನೇರವಾಗಿ ತಾಗುತ್ತದೆ. ಕ್ರಿಸ್ಟಾದ ಭಾರಿ ಮೈ ಆ ಏಟನ್ನು ಸ್ವಲ್ಪ ನುಂಗಿಕೊಳ್ಳುತ್ತಿತ್ತು. ಹೊಂಡದ ರಸ್ತೆಗೆ ಕ್ರಿಸ್ಟಾ, ತಿರುವಿನ ರಸ್ತೆಗೆ ಹೈಕ್ರಾಸ್ ಎಂಬುದು ಕೊನೆಯ ಸಾಲಿನಿಂದ ನನ್ನ ತೀರ್ಮಾನ. ಮಕ್ಕಳ ತೀರ್ಮಾನ ಇನ್ನೂ ಸರಳ. ಯಾವುದರಲ್ಲಿ ವಾಂತಿ ಬರುವುದಿಲ್ಲವೋ ಅದರಲ್ಲಿ ಹೋಗೋಣ ಎನ್ನುತ್ತಾರೆ.

ಲೆಕ್ಕದ ಪುಸ್ತಕವೂ ತನ್ನ ಮಾತು ಹೇಳುತ್ತದೆ. ಹೈಬ್ರಿಡ್ ಹೈಕ್ರಾಸ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24 ಕಿಲೋಮೀಟರ್. ಜನ ತುಂಬಿಕೊಂಡು ಎ.ಸಿ. ಹಾಕಿ ಘಾಟಿ ಹತ್ತಿ ಇಳಿಯುವವರಿಗೆ ಅದು ಸಿಗುವುದಿಲ್ಲ, ಸಿಗುತ್ತದೆಂದು ಯಾರೂ ನಂಬಬಾರದು. ಹೈಬ್ರಿಡ್‌ನ ಉಳಿತಾಯ ಇರುವುದು ನಿಂತು ನಿಂತು ಹೋಗುವ ಊರಿನ ದಟ್ಟಣೆಯಲ್ಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವಾಗ ಎಂಜಿನ್ ಆರಿ ಬ್ಯಾಟರಿಯಲ್ಲೇ ಗಾಡಿ ಹೋಗುತ್ತದೆ. ನಮ್ಮ ಕಡೆಯ ಖಾಲಿ ಹೆದ್ದಾರಿಯಲ್ಲಿ ಆ ಲಾಭ ಅಷ್ಟಿಲ್ಲ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ, ಡೀಸೆಲ್ ಅದಕ್ಕಿಂತ ಅಗ್ಗವಾಗಿರುವಾಗ ಬಾಡಿಗೆ ಗಾಡಿಯವರು ಹಿಂದೆ ಮುಂದೆ ನೋಡುವುದು ಸಹಜ. ಇನ್ನೊಂದು ಕಡೆ ನನ್ನ ಪುಸ್ತಕದಲ್ಲಿ ಕ್ಲಚ್ ಪ್ಲೇಟಿಗೂ ಬ್ರೇಕ್ ಪ್ಯಾಡಿಗೂ ಬರೆದ ಮೊತ್ತಗಳಿವೆ. ಘಾಟಿಯ ಗಾಡಿಗೆ ಅವು ಸಣ್ಣ ಮೊತ್ತಗಳಲ್ಲ. ಡೀಸೆಲ್ ಬೇಕೆನ್ನುವ ಚಾಲಕರ ಪತ್ರಗಳಲ್ಲೂ ಹೈಬ್ರಿಡ್ ಹೊಗಳುವವರ ಪತ್ರಗಳಲ್ಲೂ ಈ ಬಾಬ್ತು ಕಾಣಿಸಲಿಲ್ಲ. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ಮನೆಯ ಗಾಡಿಗೆ ಅದು ಧಾರಾಳವಾಯಿತು. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷಕ್ಕೆ ಬಹಳ ಮೊದಲೇ ಕಿಲೋಮೀಟರ್ ಮುಗಿದುಹೋಗುತ್ತದೆ.

ತೆರಿಗೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಗಾಡಿ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಆದರೆ ಇಪ್ಪತ್ತು ಲಕ್ಷ ರೂಪಾಯಿ ದಾಟಿದ ಬಿಳಿ ಬೋರ್ಡಿನ ಕಾರಿಗೆ ಕರ್ನಾಟಕದಲ್ಲಿ ಶೇ 18 ಆಜೀವ ತೆರಿಗೆ, ಅದರ ಮೇಲೆ ಸೆಸ್. ಭಾವನವರು ಕಟ್ಟಿದ ತೆರಿಗೆಯ ಹಣದಲ್ಲಿ ಒಂದು ಸಣ್ಣ ಕಾರೇ ಬರುತ್ತಿತ್ತು. 2024ರಲ್ಲಿ ಉತ್ತರ ಪ್ರದೇಶ ಇಂಥ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ಪ್ಲಾಸ್ಟಿಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ತೆರಿಗೆಯ ಬಗ್ಗೆ ಒಂದು ದನಿಯಲ್ಲಿ ಕೇಳಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಎಸ್‌ಯುವಿಯೋ ಅಲ್ಲವೋ ಎಂಬ ವಾದದಲ್ಲಿ ನನಗೆ ಹೇಳುವುದು ಹೆಚ್ಚಿಲ್ಲ. ಬಾನೆಟ್ ಎತ್ತರಿಸಿದ್ದಾರೆ, ಮುಂದಿನ ಜಾಲರಿ ಅಗಲ ಮಾಡಿದ್ದಾರೆ. ನೋಡಲು ಗಂಭೀರವಾಗಿದೆ. ಒಳಗೆ ಕುಳಿತವರಿಗೆ ಅದು ಕಾಣುವುದಿಲ್ಲ.

ಸುರಕ್ಷತೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. 2025ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹೈಕ್ರಾಸ್‌ಗೆ ಐದು ನಕ್ಷತ್ರ ಬಂತು. ವಾಹನಪ್ರಿಯರು ಸಂಭ್ರಮಿಸಿದರು, ನಾನೂ ಸಂತೋಷಪಟ್ಟೆ. ಆದರೆ ಆ ಪರೀಕ್ಷೆಯಲ್ಲಿ ದೊಡ್ಡವರ ಗೊಂಬೆಗಳನ್ನು ಕೂರಿಸುವುದು ಮುಂದಿನ ಎರಡು ಸೀಟುಗಳಲ್ಲಿ, ಮಕ್ಕಳ ಗೊಂಬೆಗಳನ್ನು ಕೂರಿಸುವುದು ಎರಡನೆಯ ಸಾಲಿನಲ್ಲಿ. ಮೂರನೆಯ ಸಾಲಿನಲ್ಲಿ ಗೊಂಬೆಯೂ ಕೂರುವುದಿಲ್ಲ. ನಮ್ಮಲ್ಲಿ ಮಕ್ಕಳು ಕೂರುವುದು ಅಲ್ಲೇ. ಹಿಂದಿನಿಂದ ಲಾರಿ ಗುದ್ದಿದರೆ ಡಿಕ್ಕಿಯ ಬಾಗಿಲಿಗೂ ಆ ಮಕ್ಕಳ ಬೆನ್ನಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ? ಈ ಪ್ರಶ್ನೆ ಹೈಕ್ರಾಸ್ ಒಂದಕ್ಕೇ ಅಲ್ಲ, ಮೂರು ಸಾಲಿನ ಎಲ್ಲ ಗಾಡಿಗಳಿಗೂ ಕೇಳಬೇಕಾದದ್ದು. ಎಂಜಿನ್ನಿನ ಸದ್ದಿನ ಬಗ್ಗೆ ಜಗಳವಾಡುವ ಹುರುಪಿನಲ್ಲಿ ಅರ್ಧದಷ್ಟನ್ನಾದರೂ ಈ ಪ್ರಶ್ನೆಗೆ ಕೊಡಿ ಎಂದು ವಾಹನಪ್ರಿಯರನ್ನು ಕೈಮುಗಿದು ಕೇಳುತ್ತೇನೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಮುಂದಿನ ಸಲ ಏಳು ಸೀಟಿನ ಗಾಡಿಯೊಂದನ್ನು ಪರೀಕ್ಷೆಗೆ ತಂದಾಗ ಒಬ್ಬರೇ ಓಡಿಸಿ ಬರೆಯಬೇಡಿ. ಏಳೂ ಸೀಟು ತುಂಬಿಸಿ. ಅದರಲ್ಲಿ ಒಬ್ಬರು ಅರವತ್ತು ದಾಟಿದವರಿರಲಿ, ಇಬ್ಬರು ಮಕ್ಕಳಿರಲಿ. ಡಿಕ್ಕಿಯಲ್ಲಿ ನಿಜವಾದ ಸಾಮಾನಿರಲಿ. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿದು, ಉಜಿರೆಯಲ್ಲಿ ಊಟ ಮಾಡಿ ಮತ್ತೆ ಹತ್ತಿ ಬನ್ನಿ. ಕೊನೆಯ ಸಾಲಿಗೆ ಎ.ಸಿ. ಗಾಳಿ ಎಷ್ಟು ಹೊತ್ತಿಗೆ ತಲುಪಿತು, ಮಧ್ಯದಲ್ಲಿ ಕುಳಿತವರಿಗೆ ಬೆಲ್ಟು ಸರಿಯಾಗಿ ಹೊಂದಿತೇ, ಎರಡನೆಯ ಸಾಲಿನವರು ಇಳಿಯದೆ ಹಿಂದಿನವರು ಹೊರಬರಲು ಆಗುತ್ತದೆಯೇ, ಹಿರಿಯರಿಗೆ ಎಷ್ಟು ಸಲ ಕೈ ಕೊಡಬೇಕಾಯಿತು, ತುಂಬಿದ ಗಾಡಿ ನಿಜವಾಗಿ ಎಷ್ಟು ಮೈಲೇಜ್ ಕೊಟ್ಟಿತು ಎಂದು ಬರೆಯಿರಿ. ಓಡಿಸಿದವರು ಅರ್ಧ ಪುಟ ಬರೆಯಲಿ, ಕೊನೆಯ ಸಾಲಿನಲ್ಲಿ ಕುಳಿತವರು ಉಳಿದರ್ಧ ಬರೆಯಲಿ. ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯವಿರುವುದರಿಂದ ದೀಪಾವಳಿ ಕಳೆದ ಮೇಲೆ ಬಂದರೆ ಒಳ್ಳೆಯದು. ಹೈಕ್ರಾಸ್‌ನ ಜೊತೆಗೆ ಹೋಲಿಸಿ ನೋಡಲು ಕ್ರಿಸ್ಟಾ ಬೇಕಿದ್ದರೆ ನಮ್ಮದನ್ನು ಒಂದು ದಿನ ಬಾಡಿಗೆಯಿಲ್ಲದೆ ಕೊಡಲು ಯಜಮಾನರು ಒಪ್ಪಿದ್ದಾರೆ. ಡೀಸೆಲ್ ಮಾತ್ರ ನೀವು ಹಾಕಿಸಿಕೊಳ್ಳಬೇಕು.

ಇತಿ,
ನಿಮ್ಮ ಓದುಗರಲ್ಲೊಬ್ಬಳು,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ